ತಾರೆಯರ ಜೀವನಚಿತ್ರಗಳಲ್ಲಿ ಸಾಕ್ಷ್ಯವಿಚಾರ

ಅರಸನ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳುಂಟು; ಕವಿಯ ಚರಿತ್ರೆಯನ್ನು ಬರೆಯುವವನಿಗೆ ಕಾವ್ಯಗಳುಂಟು. ನಟನ ಚರಿತ್ರೆಯನ್ನು ಬರೆಯಹೊರಟವನಿಗೆ ಹಿಂದಿನ ಕಾಲದಲ್ಲಿ ಇಂತಹ ಆಧಾರವು ಬಹು ಕಡಮೆ. ದೀಪವಾರಿ ಪರದೆಯಿಳಿದೊಡನೆ ಅವನ ಕಲೆಯೂ ಮುಗಿದುಹೋಗುತ್ತಿತ್ತು. ಉಳಿಯುತ್ತಿದ್ದುದು ಕಂಡವರ ನೆನಪೊಂದೇ. ಚಲಚ್ಚಿತ್ರವು ಬಂದಮೇಲೆ ಈ ಸ್ಥಿತಿಯು ಬದಲಾಯಿತು. ನಟನು ಕಾಲವಾಗಿ ಅರ್ಧ ಶತಮಾನ ಕಳೆದರೂ ಅವನ ನಡೆ, ನೋಟ, ನಗು ಎಲ್ಲವೂ ಸುರುಳಿಯಲ್ಲಿ ಉಳಿದಿರುವುದುಂಟು. ಆದುದರಿಂದ ಅಂತಹ ನಟನ ಬಾಳನ್ನೇ ವಸ್ತುವಾಗಿಟ್ಟುಕೊಂಡು ಇನ್ನೊಂದು ಚಲಚ್ಚಿತ್ರವನ್ನು ತೆಗೆಯುವುದು ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಅದು ಬಹು ಕಷ್ಟದ ಕೆಲಸ. ೧೯೬೭ರ ‘ಇಮ್ಮಡಿ ಪುಲಿಕೇಶಿ’ ಚಿತ್ರದಲ್ಲಿ ರಾಜಕುಮಾರರು ಚಾಳುಕ್ಯ ಚಕ್ರವರ್ತಿಯಾಗಿ ಕಾಣಿಸಿಕೊಂಡಾಗ, ಪುಲಿಕೇಶಿಯ ಮುಖವು ಹೀಗಿರಲಿಲ್ಲವೆಂದು ಆಕ್ಷೇಪಿಸಬಲ್ಲವರು ಯಾರೂ ಇರಲಿಲ್ಲ. ಚಾರ್ಲಿ ಚಾಪ್ಲಿನ್ನನ ವೇಷವನ್ನು ಹಾಕಿದವನನ್ನಾದರೋ ಶಾಲೆಯ ಹುಡುಗನೂ ನಿಜವಾದ ಚಾಪ್ಲಿನ್ನನೊಡನೆ ಹೋಲಿಸಿ ನೋಡಬಲ್ಲನು.

ಆದರೆ ಮುಖಸಾಮ್ಯವು ಇಲ್ಲಿ ಸಣ್ಣ ತೊಡಕು. ನಟನು ಏನನ್ನು ತೋರಿಸಿದನೋ ಅದು ಸುರುಳಿಯಲ್ಲಿದೆ. ಏನನ್ನು ತೋರಿಸಲಿಲ್ಲವೋ ಅದು ಅಲ್ಲಿಲ್ಲ. ಜೀವನಚಿತ್ರಕ್ಕೆ ಬೇಕಾದುದು ಈ ಎರಡನೆಯದು. ಅದನ್ನು ಸಾಕ್ಷಿಗಳಿಂದಲೇ ತಿಳಿಯಬೇಕು: ನಟನ ಸ್ವಂತ ಮಾತು, ಮನೆಯವರ ಮಾತು, ಪೆಟ್ಟಿಗೆಯಲ್ಲಿ ಉಳಿದ ಕಾಗದಪತ್ರ, ಜೊತೆಯವರ ನೆನಪು. ಇಂತಹ ಚಿತ್ರವೊಂದರ ತೆರೆಯ ಹಿಂದೆ ನಡೆದ ಸಂಗತಿಗಳನ್ನು ಪರಿಶೀಲಿಸಿದರೆ, ಯಾರು ಸಾಕ್ಷ್ಯ ನುಡಿದರು, ಯಾರು ಬೆಲೆ ಪಡೆದರು, ಯಾರನ್ನು ಯಾರೂ ಕೇಳಲೇ ಇಲ್ಲ ಎಂಬುದರ ಮೇಲೆಯೇ ಆ ಚಿತ್ರದ ಸತ್ಯವೂ ಅಸತ್ಯವೂ ನಿಂತಿರುವುದು ಕಂಡುಬರುತ್ತದೆ. ಪರದೇಶದ ಮೂರು ಚಿತ್ರಗಳನ್ನೂ ನಮ್ಮ ದೇಶದ ಮೂರು ಚಿತ್ರಗಳನ್ನೂ ತೆಗೆದುಕೊಂಡು ಇದನ್ನು ವಿಚಾರಿಸಬಹುದಾಗಿದೆ.

೧

೧೯೫೭ನೆಯ ಇಸವಿಯಲ್ಲಿ ಹಾಲಿವುಡ್ಡಿನಿಂದ ಇಂತಹ ಎರಡು ಚಿತ್ರಗಳು ಹೊರಬಂದುವು. ಎರಡಕ್ಕೂ ಮೂಕಚಿತ್ರಯುಗದ ನಟರೇ ವಸ್ತು. ಒಂದರ ನಾಯಕನು ಆಗ ಬದುಕಿದ್ದನು. ಇನ್ನೊಂದರ ನಾಯಕನು ಕಾಲವಾಗಿ ಇಪ್ಪತ್ತೇಳು ವರ್ಷಗಳಾಗಿದ್ದುವು.

ಬದುಕಿದ್ದವನು ಬಸ್ಟರ್ ಕೀಟನ್. ಅವನು ೧೮೯೫ರಲ್ಲಿ ಕಾನ್ಸಾಸ್ ಪ್ರಾಂತದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ವಿನೋದರಂಗದ ಮೇಲೆ ಬಿದ್ದು ಎದ್ದು ನಗಿಸುವ ವಿದ್ಯೆಯನ್ನು ಕಲಿತನು. ೧೯೧೭ರಲ್ಲಿ ಚಿತ್ರರಂಗವನ್ನು ಪ್ರವೇಶಿಸಿದನು. ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೂ ತಾನು ಒಂದಿಷ್ಟೂ ನಗದೆ ಕಲ್ಲಿನಂತಹ ಮುಖದಿಂದ ಇರುವುದೇ ಅವನ ವೈಶಿಷ್ಟ್ಯ. ೧೯೨೬ರ ‘ದಿ ಜನರಲ್’ ಅವನ ಕೃತಿಗಳಲ್ಲಿ ಶ್ರೇಷ್ಠವೆಂದು ಈಗ ಗಣಿತವಾಗಿದೆ. ೧೯೨೮ರಲ್ಲಿ ಅವನು ಸ್ವತಂತ್ರವಾಗಿ ಚಿತ್ರ ತೆಗೆಯುವುದನ್ನು ಬಿಟ್ಟು ಎಂ. ಜಿ. ಎಂ. ಸಂಸ್ಥೆಯನ್ನು ಸೇರಿದನು. ಅಲ್ಲಿ ಕಥೆಯಾಗಲಿ ಹಾಸ್ಯವಾಗಲಿ ಅವನ ಕೈಯಲ್ಲಿ ಉಳಿಯಲಿಲ್ಲ, ಸಂಸಾರ ಒಡೆಯಿತು, ಕುಡಿತವು ಹಿಡಿಯಿತು, ೧೯೩೩ರಲ್ಲಿ ಸಂಸ್ಥೆಯು ಅವನನ್ನು ಹೊರಹಾಕಿತು.

ಮುಂದೆ ಪ್ಯಾರಮೌಂಟ್ ಸಂಸ್ಥೆಯವರು ಅವನ ಬಾಳಿನ ಕಥೆಯ ಹಕ್ಕನ್ನು ಕೊಂಡರು. ಅವನಿಗೆ ಬಂದ ಹಣ ೫೦,೦೦೦ ಡಾಲರುಗಳು. ಅದರಿಂದ ಅವನು ಲಾಸ್ ಏಂಜಲಿಸಿನ ವುಡ್‌ಲ್ಯಾಂಡ್ ಹಿಲ್ಸಿನಲ್ಲಿ ಒಂದು ಮನೆಯನ್ನು ಕೊಂಡು ಕಡೆಯ ತನಕ ಅಲ್ಲಿಯೇ ಇದ್ದನು. ಅವನ ಪಾತ್ರ ಡೊನಾಲ್ಡ್ ಓಕಾನರನಿಗೆ ಬಂದಿತು. ಬೀಳುವ ಏಳುವ ಚಮತ್ಕಾರಗಳನ್ನು ಅವನಿಗೆ ಕಲಿಸಲು ಕೀಟನ್ನನನ್ನೇ ಸಲಹೆಗಾರನನ್ನಾಗಿ ನೇಮಿಸಲಾಯಿತು. ದಿಗ್ದರ್ಶಕನು ಸಿಡ್ನಿ ಶೆಲ್ಡನ್; ಮುಂದೆ ಕಾದಂಬರಿಗಳಿಂದ ಲೋಕಪ್ರಸಿದ್ಧನಾದವನು ಈತನೇ. ನಾಯಕನೇ ಮಗ್ಗುಲಲ್ಲಿರುವಾಗ ಚಿತ್ರದಲ್ಲಿ ಸತ್ಯವಲ್ಲದೆ ಬೇರೇನು ಇರಲು ಸಾಧ್ಯವೆಂದು ಯಾರಾದರೂ ಭಾವಿಸಿಯಾರು. ಆದುದು ಅದಕ್ಕೆ ವಿರುದ್ಧ. ಕೀಟನ್ನನು ಮೂರು ಸಲ ಮದುವೆಯಾದವನು. ಚಿತ್ರದಲ್ಲಿ ಆ ಮೂವರ ಬದಲು ಕಲ್ಪಿತಳಾದ ಒಬ್ಬಳೇ ಹೆಂಡತಿ. ಮಾತಿನ ಚಿತ್ರಗಳು ಬಂದುದರಿಂದ ಅವನು ಕೆಟ್ಟನೆಂಬುದು ಕಥೆಯ ಸಾರ. ನಿಜವಾಗಿ ನೋಡಿದರೆ, ಎಂ. ಜಿ. ಎಂ.ಗಾಗಿ ಅವನು ನಟಿಸಿದ ಮೊದಲ ವಾಕ್ಚಿತ್ರಗಳು ಒಳ್ಳೆಯ ಲಾಭವನ್ನೇ ತಂದುವು. ಅವನನ್ನು ಕೆಡಿಸಿದುದು ಮಾತಲ್ಲ. ತನ್ನ ಕೆಲಸದ ಮೇಲೆ ತನಗೆ ಅಧಿಕಾರವಿಲ್ಲದೆ ಹೋದುದು. ದೊಡ್ಡ ಸಂಸ್ಥೆಯೊಂದು ತೆಗೆದ ಚಿತ್ರದಲ್ಲಿ ಈ ಮಾತಿಗೆ ಸ್ಥಳವಿರಲಿಲ್ಲವೆಂಬುದು ಆಶ್ಚರ್ಯವಲ್ಲ.

ಇದರಿಂದ ತಿಳಿಯತಕ್ಕ ಅಂಶವೊಂದುಂಟು. ಹಕ್ಕನ್ನು ಕೊಳ್ಳುವುದು ಬೇರೆ, ಸಾಕ್ಷ್ಯವನ್ನು ಕೇಳುವುದು ಬೇರೆ. ಕೀಟನ್ನನ ಒಪ್ಪಿಗೆಯನ್ನು ಪಡೆದವರು ಅವನ ನೆನಪನ್ನು ವಿಚಾರಿಸಲಿಲ್ಲ. ೧೯೬೦ರಲ್ಲಿ ಅವನೇ ತನ್ನ ಬಾಳಿನ ಕಥೆಯನ್ನು ಚಾರ್ಲ್ಸ್ ಸ್ಯಾಮುಯಲ್ಸನಿಗೆ ಹೇಳಿ ಬರೆಯಿಸಿದನು. ಅವನು ಹಿಂದೆ ವಾಸವಾಗಿದ್ದ ಭವ್ಯವಾದ ಮನೆಯನ್ನು ಜೇಮ್ಸ್ ಮೇಸನ್ ಎಂಬ ನಟನು ಕೊಂಡಿದ್ದನು; ಅಲ್ಲಿ ಮರೆತುಹೋಗಿದ್ದ ಹಳೆಯ ಚಿತ್ರಗಳ ಡಬ್ಬಿಗಳು ಸಿಕ್ಕಿ, ಅವುಗಳ ಉದ್ಧಾರವಾಯಿತು. ೧೯೬೫ರಲ್ಲಿ ವೆನಿಸ್ ನಗರದ ಚಿತ್ರೋತ್ಸವಕ್ಕೆ ಬಂದ ಮುದಿ ಕೀಟನ್ನನನ್ನು ಕಂಡು ಸಭೆಯು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಫೆಬ್ರವರಿಯಲ್ಲಿ ಅವನು ತೀರಿಕೊಂಡನು. ಅವನ ಕೀರ್ತಿಯನ್ನು ಉಳಿಸಿದುವು ಆ ಡಬ್ಬಿಗಳೇ ಹೊರತು ಅವನ ಹೆಸರಿನಲ್ಲಿ ತೆಗೆದ ಚಿತ್ರವಲ್ಲ.

೨

ಅದೇ ವರ್ಷದ ಇನ್ನೊಂದು ಚಿತ್ರ ‘ಮ್ಯಾನ್ ಆಫ್ ಎ ಥೌಸಂಡ್ ಫೇಸಸ್’, ಅಂದರೆ ಸಾವಿರ ಮುಖಗಳ ಮನುಷ್ಯ. ೧೯೨೩ರ ‘ದಿ ಹಂಚ್‌ಬ್ಯಾಕ್ ಆಫ್ ನೊಟ್ರ್ ಡಾಮ್’, ೧೯೨೫ರ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಇವುಗಳಲ್ಲಿ ತನ್ನ ಮುಖವನ್ನು ತಾನೇ ವಿಕಾರಗೊಳಿಸಿಕೊಂಡು ಜನರನ್ನು ಬೆಚ್ಚಿಸಿದ ಲಾನ್ ಚೇನಿ ಇದರ ನಾಯಕ. ಅವನ ತಂದೆತಾಯಿಗಳಿಬ್ಬರೂ ಕಿವುಡರು. ಅವರೊಡನೆ ಕೈಸನ್ನೆಯಿಂದ ಮಾತನಾಡಿ ಬೆಳೆದ ಹುಡುಗನು ಮೂಕಚಿತ್ರಗಳ ಮಹಾನಟನಾದುದರಲ್ಲಿ ಒಂದು ಔಚಿತ್ಯವುಂಟು. ಚಿತ್ರವು ಈ ಅಂಶವನ್ನು ಹೃದಯಂಗಮವಾಗಿ ತೋರಿಸಿದೆ. ಒಂದೇ ಒಂದು ವಾಕ್ಚಿತ್ರದಲ್ಲಿ ನಟಿಸಿ ೧೯೩೦ರ ಆಗಸ್ಟಿನಲ್ಲಿ ಅವನು ಮೃತನಾದನು.

ಚೇನಿಯ ಪಾತ್ರ ಜೇಮ್ಸ್ ಕ್ಯಾಗ್ನಿಯದು. ಅವನ ಮುಖವು ದುಂಡಗೆ, ಚೇನಿಯ ಮುಖವು ನೀಳ. ಆದುದರಿಂದ ಚೇನಿಯು ಬಣ್ಣ, ಮೇಣ, ತಂತಿಗಳಿಂದ ತನ್ನ ಮೇಲೆ ತಾನೇ ನಡೆಸಿದ ಪ್ರಯೋಗಗಳನ್ನು ಇಲ್ಲಿ ಪ್ರಸಾಧನವಿಭಾಗದವರು ಇನ್ನೊಬ್ಬನ ಮುಖದ ಮೇಲೆ ನಡೆಸಬೇಕಾಯಿತು. ಚೇನಿಯ ಬಣ್ಣದ ಪೆಟ್ಟಿಗೆಯು ಲಾಸ್ ಏಂಜಲಿಸಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ಅದೂ ಒಂದು ಸಾಕ್ಷ್ಯವೇ.

ಈ ಚಿತ್ರದಲ್ಲಿ ಇರ್ವಿಂಗ್ ಥಾಲ್‌ಬರ್ಗ್ ಎಂಬ ತರುಣ ನಿರ್ಮಾಪಕನ ಪಾತ್ರವೊಂದು ಬರುತ್ತದೆ. ಥಾಲ್‌ಬರ್ಗನು ೧೯೩೬ರಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿಯೇ ಗತಿಸಿದ್ದನು. ಅವನ ವಿಧವೆ, ಪ್ರಸಿದ್ಧ ನಟಿ ನಾರ್ಮಾ ಶಿಯರರ್, ಹೋಟೆಲೊಂದರ ಈಜುಕೊಳದ ಬಳಿ ರಾಬರ್ಟ್ ಎವಾನ್ಸ್ ಎಂಬ ಉಡುಪಿನ ವ್ಯಾಪಾರಿಯನ್ನು ಕಂಡು, ತನ್ನ ಗಂಡನ ಪಾತ್ರಕ್ಕೆ ಇವನೇ ತಕ್ಕವನೆಂದು ಸೂಚಿಸಿದಳು, ಅವನೇ ನೇಮಿತನಾದನು. ಆ ವ್ಯಾಪಾರಿಯು ಮುಂದೆ ಪ್ಯಾರಮೌಂಟ್ ಸಂಸ್ಥೆಯ ಚಿತ್ರನಿರ್ಮಾಣದ ಮುಖ್ಯಸ್ಥನಾದನೆಂಬುದು ವಿಚಿತ್ರವಾದರೂ ನಿಜ. ಸತ್ತವನ ಮುಖವು ಹೇಗಿದ್ದಿತೆಂಬುದನ್ನು ಹೆಂಡತಿಯಾದವಳ ನೆನಪು ನಿಶ್ಚಯಿಸಿತು.

ಮಗನ ವಿಷಯದಲ್ಲಿ ಮಾತ್ರ ಚಿತ್ರವು ಇಷ್ಟು ಎಚ್ಚರವಾಗಿರಲಿಲ್ಲ. ಮರಣಶಯ್ಯೆಯಲ್ಲಿರುವ ಚೇನಿಯು ಬಣ್ಣದ ಪೆಟ್ಟಿಗೆಯ ಮೇಲಿನ ತನ್ನ ಹೆಸರಿನ ಮುಂದೆ ‘ಜೂನಿಯರ್’ ಎಂದು ಬರೆದು, ಹೆಸರನ್ನೂ ಕಲೆಯನ್ನೂ ಮಗನಿಗೆ ಒಪ್ಪಿಸುವಂತೆ ಒಂದು ದೃಶ್ಯವುಂಟು. ಕಣ್ಣೀರು ತರಿಸುವ ದೃಶ್ಯವೇ ಸರಿ; ಆದರೆ ಹಾಗೆ ನಡೆಯಲಿಲ್ಲ. ಮಗನ ಹೆಸರು ಕ್ರೈಟನ್. ತಂದೆ ಸತ್ತು ಐದು ವರ್ಷಗಳಾದ ಮೇಲೆ, ೧೯೩೫ರಲ್ಲಿ, ಕೆಲಸ ದೊರೆಯದ ಕಷ್ಟದಿಂದ ಅವನು ಚಿತ್ರಸಂಸ್ಥೆಗಳ ಒತ್ತಾಯಕ್ಕೆ ಮಣಿದು ಆ ಹೆಸರನ್ನು ತಾಳಿದನು. ಹಸಿವಿಗಾಗಿ ತೊಟ್ಟ ಹೆಸರು ತೆರೆಯ ಮೇಲೆ ತಂದೆಯ ಆಶೀರ್ವಾದವಾಯಿತು. ಸುಳ್ಳು ಯಾವಾಗಲೂ ಕೆಟ್ಟ ಉದ್ದೇಶದಿಂದಲೇ ಹುಟ್ಟುವುದಿಲ್ಲ. ಪ್ರೇಕ್ಷಕನಿಗೆ ಸಮಾಧಾನವನ್ನು ಕೊಡಬೇಕೆಂಬ ಆತುರವೂ ಅದಕ್ಕೆ ಸಾಕು.

೩

ಸ್ವತಃ ನಾಯಕನೇ ವಿಸ್ತಾರವಾಗಿ ಸಾಕ್ಷ್ಯ ನುಡಿದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ೧೯೯೨ರ ‘ಚಾಪ್ಲಿನ್’. ರಿಚರ್ಡ್ ಅಟೆನ್‌ಬರೋ ಇದರ ದಿಗ್ದರ್ಶಕನು. ೧೯೮೨ರಲ್ಲಿ ‘ಗಾಂಧಿ’ಯನ್ನು ತೆಗೆದವನೆಂದು ನಮ್ಮವರಿಗೆ ಅವನು ಪರಿಚಿತ. ಚಾಪ್ಲಿನ್ನನು ೧೯೬೪ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ್ದನು. ಅವನ ಮರಣಾನಂತರ ಡೇವಿಡ್ ರಾಬಿನ್ಸನ್ ಎಂಬ ವಿದ್ವಾಂಸನು ಕುಟುಂಬದವರು ಜೋಪಾನ ಮಾಡಿದ್ದ ಕಾಗದಪತ್ರಗಳನ್ನು ಶೋಧಿಸಿ ೧೯೮೫ರಲ್ಲಿ ದೊಡ್ಡದೊಂದು ಚರಿತ್ರೆಯನ್ನು ಬರೆದನು. ಚಿತ್ರವು ಈ ಎರಡು ಗ್ರಂಥಗಳನ್ನೂ ಆಧರಿಸಿದೆ.

ಆದರೆ ಆತ್ಮಕಥೆಯೆಂಬುದು ಪಕ್ಷಗಾರನ ಸಾಕ್ಷ್ಯ. ಲಂಡನ್ನಿನ ಬಡತನವನ್ನು ಕುರಿತು ಚಾಪ್ಲಿನ್ನನು ಮನಬಿಚ್ಚಿ ಬರೆದನು. ದೊಡ್ಡವನಾದ ಮೇಲಿನ ಅನೇಕ ಸಂಗತಿಗಳನ್ನು ಮುಚ್ಚಿಟ್ಟನು. ಇದನ್ನು ಅಟೆನ್‌ಬರೋ ಬಲ್ಲವನಾಗಿದ್ದನು. ಆದುದರಿಂದ ಚಿತ್ರದಲ್ಲಿ ಜಾರ್ಜ್ ಹೇಡನ್ ಎಂಬ ಕಲ್ಪಿತ ಸಂಪಾದಕನೊಬ್ಬನನ್ನು ತಂದಿದ್ದಾನೆ. ಆಂಥನಿ ಹಾಪ್ಕಿನ್ಸ್ ವಹಿಸಿದ ಈ ಪಾತ್ರವು ಸ್ವಿಟ್ಸರ್ಲೆಂಡಿನ ಮನೆಯಲ್ಲಿ ಮುದಿ ಚಾಪ್ಲಿನ್ನನ ಎದುರಿಗೆ ಕುಳಿತು, ‘ಇದನ್ನೇಕೆ ಬಿಟ್ಟಿರಿ? ಅದನ್ನೇಕೆ ಬರೆಯಲಿಲ್ಲ?’ ಎಂಬ ಧಾಟಿಯಲ್ಲಿ ವಿಚಾರಿಸುತ್ತದೆ. ವ್ಯಕ್ತಿಯು ಕಲ್ಪಿತ, ಪ್ರಶ್ನೆಗಳು ನ್ಯಾಯವಾದುವು. ಪುಸ್ತಕದಲ್ಲಿ ಬಿಟ್ಟುಹೋದ ಸ್ಥಳಗಳನ್ನು ಕದ್ದು ತುಂಬುವುದಕ್ಕಿಂತ, ಇಲ್ಲಿ ಬಿಟ್ಟಿದೆಯೆಂದು ಬಹಿರಂಗವಾಗಿ ಬೆರಳಿಟ್ಟು ತೋರಿಸುವುದು ಪ್ರಾಮಾಣಿಕವಾದ ಕ್ರಮ.

ಚಾಪ್ಲಿನ್ನನ ಪಾತ್ರವನ್ನು ವಹಿಸಿದ ರಾಬರ್ಟ್ ಡೌನಿಯು, ಚಾಪ್ಲಿನ್ನನು ಎಡಚನಾಗಿದ್ದುದರಿಂದ ಪಿಟೀಲನ್ನು ಎಡಗೈಯಿಂದ ನುಡಿಸಲು ಅಭ್ಯಾಸಮಾಡಿದನು. ಇದಕ್ಕಿಂತಲೂ ಗಮನಾರ್ಹವಾದುದು ಇನ್ನೊಂದು ಪಾತ್ರ. ಚಾಪ್ಲಿನ್ನನ ತಾಯಿ ಹ್ಯಾನಾ ಹಾಡುಗಾತಿಯಾಗಿದ್ದು, ಬುದ್ಧಿಭ್ರಮಣೆಯಿಂದ ಮತ್ತೆ ಮತ್ತೆ ಆಸ್ಪತ್ರೆಯನ್ನು ಸೇರಿದವಳು. ಈ ಪಾತ್ರವನ್ನು ಧರಿಸಿದವಳು ಚಾಪ್ಲಿನ್ನನ ಮಗಳಾದ ಜೆರಾಲ್ಡೀನ್. ಹ್ಯಾನಾ ತೀರಿಕೊಂಡುದು ೧೯೨೮ರಲ್ಲಿ. ಜೆರಾಲ್ಡೀನ್ ಹುಟ್ಟಿದುದು ೧೯೪೪ರಲ್ಲಿ. ತಾನು ಕಣ್ಣಿನಿಂದ ಕಾಣದ ಅಜ್ಜಿಯ ಹುಚ್ಚನ್ನು ಮೊಮ್ಮಗಳು ಅಭಿನಯಿಸಿದಳು. ಮನೆಯವರು ಸಾಮಾನ್ಯವಾಗಿ ಮರೆಮಾಡುವ ದುಃಖವನ್ನು ಮನೆಯವಳೇ ಮುಂದೆ ನಿಂತು ತೋರಿಸಿದುದು ಈ ಚಿತ್ರದ ಅತ್ಯಂತ ಬಲವಾದ ಸಾಕ್ಷ್ಯ.

ಚಿತ್ರದ ಕೊನೆಯಲ್ಲಿ, ೧೯೫೨ರಲ್ಲಿ ಅಮೆರಿಕವನ್ನು ಬಿಟ್ಟ ಚಾಪ್ಲಿನ್ನನು ೧೯೭೨ರಲ್ಲಿ ಸನ್ಮಾನಕ್ಕಾಗಿ ಹಿಂದಿರುಗುವ ಸಂದರ್ಭವುಂಟು. ಅಲ್ಲಿ ತೆರೆಯ ಮೇಲೆ ಓಡುವುವು ಚಾಪ್ಲಿನ್ನನ ನಿಜವಾದ ಚಿತ್ರಗಳ ತುಣುಕುಗಳು. ಎರಡು ಗಂಟೆಗಳ ಕಾಲ ಪ್ರತಿರೂಪವನ್ನು ನೋಡಿದ ಪ್ರೇಕ್ಷಕನಿಗೆ ಕಡೆಗೆ ಮೂಲವನ್ನು ತೋರಿಸಿ ಕೈಮುಗಿದಂತಾಯಿತು.

೪

ಇನ್ನು ನಮ್ಮ ದೇಶದ ಕಡೆಗೆ ತಿರುಗಿದರೆ ವಿಚಾರವು ಹೆಚ್ಚು ತೂಕವುಳ್ಳದ್ದಾಗುತ್ತದೆ. ಹಾಲಿವುಡ್ಡಿನ ನಟನು ನಿಜ ಹೇಳಿದರೆ ಕೀರ್ತಿಗೆ ಕುಂದು ಬಂದೀತು, ಅಷ್ಟೆ. ಇಲ್ಲಿ, ಬಣ್ಣ ಹಚ್ಚುವ ಹೆಂಗಸನ್ನು ಸಮಾಜವು ಬಹುಕಾಲ ಸಂಶಯದಿಂದಲೇ ನೋಡಿತು. ಅಂತಹ ಹೆಂಗಸು ತನ್ನ ಬಾಳನ್ನು ತಾನೇ ಹೇಳುವುದೆಂದರೆ ಉಳಿದ ಮರ್ಯಾದೆಯನ್ನೂ ಪಣವಾಗಿ ಒಡ್ಡಿದಂತೆ.

ಹಾಗೆ ಒಡ್ಡಿದವರು ಮರಾಠಿಯ ನಟಿ ಹಂಸಾ ವಾಡಕರರು. ೧೯೨೩ರಲ್ಲಿ ಹುಟ್ಟಿ, ಹದಿಮೂರರ ಪ್ರಾಯದಲ್ಲಿಯೇ ಚಿತ್ರರಂಗಕ್ಕೆ ಬಂದು, ೧೯೪೧ರ ‘ಸಂತ ಸಖೂ’, ೧೯೪೭ರ ‘ಲೋಕಶಾಹೀರ ರಾಮಜೋಶಿ’ ಮೊದಲಾದ ಚಿತ್ರಗಳಿಂದ ಅವರು ಮನೆಮಾತಾದರು. ಬಾಳಿನ ಕೊನೆಯ ವರ್ಷಗಳಲ್ಲಿ ಪತ್ರಕರ್ತರಾದ ಅರುಣ ಸಾಧು ಅವರಿಗೆ ತಮ್ಮ ಕಥೆಯನ್ನು ಹೇಳಿ ಬರೆಯಿಸಿದರು. ಅದು ‘ಮಾಣೂಸ್’ ಪತ್ರಿಕೆಯಲ್ಲಿ ಬಂದು, ೧೯೭೦ರಲ್ಲಿ ಗ್ರಂಥವಾಯಿತು. ‘ಸಾಂಗತ್ಯೇ ಐಕಾ’ ಎಂಬ ಅದರ ಹೆಸರಿಗೆ ‘ಹೇಳುತ್ತೇನೆ, ಕೇಳಿರಿ’ ಎಂದರ್ಥ. ಅವರು ನಟಿಸಿದ್ದ ೧೯೫೯ರ ಜನಪ್ರಿಯ ಚಿತ್ರದ ಹೆಸರೂ ಅದೇ. ದುಡಿಸಿಕೊಂಡ ಗಂಡ, ಕುಡಿತ, ಬಿಟ್ಟುಹೋದ ಮನೆಗಳು, ಸಿಕ್ಕದ ನೆಮ್ಮದಿ, ಇವುಗಳನ್ನು ಅವರು ತಮ್ಮನ್ನೂ ಮನ್ನಿಸದೆ ಹೇಳಿದರು. ಮರುವರ್ಷವೇ ಕಾಲವಾದರು.

ಈ ಗ್ರಂಥವನ್ನು ಆಧರಿಸಿ ಶ್ಯಾಮ ಬೆನೆಗಲ್ಲರು ೧೯೭೭ರಲ್ಲಿ ‘ಭೂಮಿಕಾ’ ಚಿತ್ರವನ್ನು ಹಿಂದಿಯಲ್ಲಿ ತೆಗೆದರು. ಚಿತ್ರಕಥೆಯ ರಚನೆಯಲ್ಲಿ ಬೆನೆಗಲ್ಲರಿಗೂ ಸತ್ಯದೇವ ದುಬೆಯವರಿಗೂ ಜೊತೆಯಾದವರು ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು. ಮೂವರಿಗೂ ಆ ವರ್ಷದ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂದಿತು. ನಾಯಕಿಯೊಡನೆ ತೆರೆಯ ಮೇಲೆ ಪ್ರೇಮಿಯಾಗಿ ಅಭಿನಯಿಸುವ ರಾಜನ್ ಎಂಬ ನಟನ ಪಾತ್ರ ನಮ್ಮ ಅನಂತನಾಗರದು. ನಾಯಕಿಯಾದ ಸ್ಮಿತಾ ಪಾಟೀಲರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಹದಿಹರೆಯದಿಂದ ನಡುವಯಸ್ಸಿನವರೆಗಿನ ಬಾಳನ್ನು ಆ ವಯಸ್ಸಿನಲ್ಲಿ ಅಭಿನಯಿಸಿ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಛಾಯಾಗ್ರಾಹಕರಾದ ಗೋವಿಂದ ನಿಹಲಾನಿಯವರು ಕಳೆದ ಕಾಲವನ್ನು ಕಪ್ಪುಬಿಳುಪಿನಲ್ಲಿಯೂ ಈಚಿನ ಕಾಲವನ್ನು ಬಣ್ಣದಲ್ಲಿಯೂ ತೋರಿಸಿದರು. ಹಳೆಯ ಸ್ಟುಡಿಯೋಗಳಲ್ಲಿ ಚಿತ್ರ ತೆಗೆಯುತ್ತಿದ್ದ ಬಗೆಯನ್ನೂ ಕಥೆಯೊಳಗೇ ಪುನಃ ನಿರ್ಮಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚಿತ್ರದಲ್ಲಿ ನಾಯಕಿಯ ಹೆಸರು ಹಂಸಾ ಅಲ್ಲ, ಉಷಾ. ತೆರೆಯ ಹೆಸರು ಊರ್ವಶಿ. ಕೀಟನ್ನನ ಚಿತ್ರವು ನಿಜವಾದ ಹೆಸರನ್ನಿಟ್ಟುಕೊಂಡು ಬಾಳನ್ನು ಬದಲಾಯಿಸಿತು. ‘ಭೂಮಿಕಾ’ ಹೆಸರನ್ನು ಬದಲಾಯಿಸಿ ಬಾಳಿನ ತಿರುಳನ್ನು ಉಳಿಸಿಕೊಂಡಿತು. ಮನೆಯಿಂದ ಹೊರಬಿದ್ದ ನಾಯಕಿಯು ಧನಿಕನೊಬ್ಬನ ಮನೆಯನ್ನು ಸೇರಿ, ಅಲ್ಲಿಯಾದರೂ ಗೃಹಿಣಿಯಾಗಿರಬಹುದೆಂದು ಭಾವಿಸುತ್ತಾಳೆ. ಹೊಸ್ತಿಲು ದಾಟಲು ಅಪ್ಪಣೆಯಿಲ್ಲವೆಂದು ತಿಳಿದಾಗ, ಬಿಟ್ಟುಬಂದ ಗಂಡನ ನೆರವನ್ನೇ ಬೇಡಬೇಕಾಗುತ್ತದೆ. ಇಂತಹ ಪ್ರಸಂಗವನ್ನು ಕಲ್ಪಿಸುವುದಕ್ಕೆ ಕಾದಂಬರಿಕಾರನೂ ಹಿಂಜರಿದಾನು. ಬದುಕಿದವರೇ ಹೇಳಿದುದರಿಂದ ಅದು ತೆರೆಯ ಮೇಲೆ ಬರಲು ಸಾಧ್ಯವಾಯಿತು.

೫

ಹಂಸಾ ವಾಡಕರರು ತಾವೇ ನುಡಿದು ಹೋದರು. ತೆಲುಗು ತಮಿಳು ಚಿತ್ರಗಳ ಮಹಾನಟಿ ಸಾವಿತ್ರಿಯವರಿಗೆ ಆ ಅವಕಾಶವೂ ದೊರೆಯಲಿಲ್ಲ. ೧೯೫೩ರ ‘ದೇವದಾಸು’, ೧೯೫೫ರ ‘ಮಿಸ್ಸಮ್ಮ’, ೧೯೫೭ರ ‘ಮಾಯಾಬಜಾರ್’ ಇವುಗಳಿಂದ ಅವರ ಕೀರ್ತಿ ಶಿಖರಕ್ಕೇರಿತು. ಮುಂದೆ ಸ್ವಂತ ನಿರ್ಮಾಣದಲ್ಲಿ ನಷ್ಟ, ದಾಂಪತ್ಯದಲ್ಲಿ ಬಿರುಕು, ಪಾನದ ಚಟ ಇವು ಒಂದರ ಹಿಂದೊಂದು ಬಂದುವು. ೧೯೮೦ರಲ್ಲಿ ಅವರು ಬೆಂಗಳೂರಿನಲ್ಲಿದ್ದಾಗ ಪ್ರಜ್ಞೆ ತಪ್ಪಿತು. ಸುಮಾರು ಹತ್ತೊಂಬತ್ತು ತಿಂಗಳ ಕಾಲ ಅದೇ ಸ್ಥಿತಿಯಲ್ಲಿದ್ದು, ೧೯೮೧ರ ಡಿಸೆಂಬರ್ ೨೬ರಂದು ತೀರಿಕೊಂಡರು. ಬಾಳಿನ ಲೆಕ್ಕವನ್ನು ಒಪ್ಪಿಸಬೇಕಾದ ಕಾಲದಲ್ಲಿ ಬಾಯಿ ಮುಚ್ಚಿತ್ತು.

೨೦೧೮ರ ಮೇ ತಿಂಗಳಲ್ಲಿ ಹೊರಬಂದ, ನಾಗ್ ಅಶ್ವಿನರ ‘ಮಹಾನಟಿ’ ಚಿತ್ರವು ಆರಂಭವಾಗುವುದು ಈ ಮೌನದಿಂದಲೇ. ಪ್ರಜ್ಞೆಯಿಲ್ಲದೆ ಮಲಗಿರುವ ಸಾವಿತ್ರಿಯವರು ಯಾರು, ಹೇಗಿದ್ದರು ಎಂಬುದನ್ನು ಮಧುರವಾಣಿಯೆಂಬ ತರುಣ ಪತ್ರಕರ್ತೆ ಊರೂರು ಅಲೆದು ವಿಚಾರಿಸುತ್ತಾಳೆ. ಈ ಪಾತ್ರವೂ ಕಲ್ಪಿತ. ‘ಚಾಪ್ಲಿನ್’ ಚಿತ್ರದ ಸಂಪಾದಕನಿಗೂ ಈಕೆಗೂ ವ್ಯತ್ಯಾಸವಿಷ್ಟೆ: ಅವನ ಪ್ರಶ್ನೆಗಳಿಗೆ ಉತ್ತರ ಹೇಳಲು ಎದುರಿಗೆ ನಾಯಕನಿದ್ದನು, ಈಕೆಯು ನಾಯಕಿಯೊಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಬೇಕಾಯಿತು.

ಕೀರ್ತಿ ಸುರೇಶರಿಗೆ ಬಂದ ಅತ್ಯಂತ ಕಠಿಣವಾದ ಪರೀಕ್ಷೆ ‘ಮಾಯಾಬಜಾರ್’ ಚಿತ್ರದ ಪ್ರಸಂಗ. ಮೂಲದಲ್ಲಿ ಘಟೋತ್ಕಚನು ಮಾಯೆಯಿಂದ ಶಶಿರೇಖೆಯ ರೂಪವನ್ನು ತಾಳುತ್ತಾನೆ. ಆದುದರಿಂದ ಸಾವಿತ್ರಿಯವರು ಹುಡುಗಿಯ ಮೈಯಲ್ಲಿ ರಾಕ್ಷಸನ ಠೀವಿಯನ್ನು, ಎಂದರೆ ಘಟೋತ್ಕಚನಾಗಿ ನಟಿಸಿದ ಎಸ್. ವಿ. ರಂಗರಾಯರ ಗತ್ತನ್ನು, ತೋರಿಸಬೇಕಾಗಿತ್ತು. ಅರವತ್ತು ವರ್ಷಗಳ ಮೇಲೆ ಕೀರ್ತಿ ಸುರೇಶರು, ರಂಗರಾಯರನ್ನು ಅನುಕರಿಸುವ ಸಾವಿತ್ರಿಯವರನ್ನು ಅನುಕರಿಸಬೇಕಾಯಿತು. ಪಕ್ಕದಲ್ಲಿ ಅಕ್ಕಿನೇನಿ ನಾಗೇಶ್ವರರಾಯರ ಪಾತ್ರವನ್ನು ಅವರ ಮೊಮ್ಮಗ ನಾಗಚೈತನ್ಯರೇ ವಹಿಸಿದರು. ಹಳೆಯ ಸೀರೆ ಒಡವೆಗಳ ಪುನರ್ನಿರ್ಮಾಣಕ್ಕೆ ಪಟ್ಟ ಶ್ರಮವು ವ್ಯರ್ಥವಾಗಲಿಲ್ಲ: ೨೦೧೮ನೆಯ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ, ಶ್ರೇಷ್ಠ ವಸ್ತ್ರವಿನ್ಯಾಸ, ಶ್ರೇಷ್ಠ ತೆಲುಗು ಚಿತ್ರ ಎಂಬ ಮೂರು ಗೌರವಗಳು ಇದಕ್ಕೆ ಸಂದುವು.

ಆದರೂ ಸಾಕ್ಷ್ಯದ ತೊಡಕು ಇಲ್ಲಿಯೂ ತಪ್ಪಲಿಲ್ಲ. ಸಾವಿತ್ರಿಯವರ ಪತಿಯಾದ ಜೆಮಿನಿ ಗಣೇಶನ್ನರಿಗೆ ಮೊದಲೇ ವಿವಾಹವಾಗಿದ್ದು ಮಕ್ಕಳಿದ್ದರು. ಸಾವಿತ್ರಿಯವರ ಮಗಳು ಚಿತ್ರಕ್ಕೆ ಬೆಂಬಲವಾಗಿ ನಿಂತರು. ಗಣೇಶನ್ನರ ಮೊದಲ ಪತ್ನಿಯ ಮಗಳೊಬ್ಬರು, ತಮ್ಮ ತಂದೆಯನ್ನು ಚಿತ್ರಿಸಿರುವ ರೀತಿ ನ್ಯಾಯವಲ್ಲವೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಗಣೇಶನ್ನರು ೨೦೦೫ರಲ್ಲಿಯೇ ಗತಿಸಿದ್ದುದರಿಂದ ಅವರ ಪರವಾಗಿ ಅವರು ಬಂದು ಹೇಳುವಂತಿರಲಿಲ್ಲ. ಒಬ್ಬನೇ ತಂದೆಯು ಒಬ್ಬ ಮಗಳ ನೆನಪಿನಲ್ಲಿ ಒಂದು ವಿಧವಾಗಿಯೂ ಇನ್ನೊಬ್ಬ ಮಗಳ ನೆನಪಿನಲ್ಲಿ ಬೇರೊಂದು ವಿಧವಾಗಿಯೂ ಇರಬಲ್ಲನು, ಇಬ್ಬರೂ ಸುಳ್ಳಾಡುತ್ತಿಲ್ಲ. ಸಂಸಾರದೊಳಗೆ ಸಹಜವಾದ ಈ ಭೇದಕ್ಕೆ, ಒಂದೇ ಕಥೆಯನ್ನು ಹೇಳಬೇಕಾದ ಚಿತ್ರದಲ್ಲಿ ಜಾಗವಿರುವುದಿಲ್ಲ.

೬

ಇದುವರೆಗೆ ನೋಡಿದ ಐವರಿಗೂ ಒಂದು ಭಾಗ್ಯವಿತ್ತು: ಅವರ ಚಿತ್ರಗಳು ಉಳಿದಿದ್ದುವು. ಜೀವನಚಿತ್ರವು ತಪ್ಪಿದರೂ ತಿದ್ದಿಕೊಳ್ಳಲು ಮೂಲವಿತ್ತು. ಮೂಲವೇ ಇಲ್ಲದ ನಟಿಯೊಬ್ಬರ ವಿಷಯವನ್ನು ಕಡೆಗೆ ಹೇಳತಕ್ಕದ್ದಿದೆ.

ಮಲಯಾಳದ ಮೊದಲ ಕಥಾಚಿತ್ರ ‘ವಿಗತಕುಮಾರನ್’; ಮೂಕಚಿತ್ರ. ತಿರುವಾಂಕೂರಿನ ಜೆ. ಸಿ. ಡೇನಿಯಲರು ಆಸ್ತಿಯನ್ನು ಮಾರಿ, ಸ್ವಂತ ಸ್ಟುಡಿಯೋ ಕಟ್ಟಿ, ತಾವೇ ದಿಗ್ದರ್ಶಿಸಿ ನಟಿಸಿ ಇದನ್ನು ತೆಗೆದರು. ತಿರುವನ್ತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಅದು ಮೊದಲು ಪ್ರದರ್ಶಿತವಾದುದು ೧೯೨೮ರಲ್ಲಿ ಎಂದು ಕೆಲವರೂ ೧೯೩೦ರಲ್ಲಿ ಎಂದು ಕೆಲವರೂ ವಾದಿಸುತ್ತಾರೆ. ನಾಯಕಿಯು ಪಿ. ಕೆ. ರೋಸಿ. ಪುಲಯರ ಕುಲದಲ್ಲಿ ಹುಟ್ಟಿದ ಅವರು ‘ಕಾಕ್ಕಾರಿಶಿ’ ಎಂಬ ಜಾನಪದ ನಾಟಕದಲ್ಲಿ ಪಳಗಿದ್ದವರು. ಚಿತ್ರದಲ್ಲಿ ಅವರದು ನಾಯರ್ ಮನೆತನದ ಸರೋಜಿನಿಯ ಪಾತ್ರ. ತೀಂಡಲು ಯೋಗ್ಯಳಲ್ಲವೆಂದು ತಾವು ಎಣಿಸಿದ ಕುಲದ ಹೆಣ್ಣೊಬ್ಬಳು ಮೇಲ್ಜಾತಿಯ ಹೆಣ್ಣಾಗಿ ತೆರೆಯ ಮೇಲೆ ಕಾಣಿಸಿಕೊಂಡುದನ್ನು ಪ್ರೇಕ್ಷಕರಲ್ಲಿ ಹಲವರು ಸಹಿಸಲಿಲ್ಲ. ಕೂಗಾಡಿ ಕಲ್ಲು ತೂರಿದರು, ತೆರೆ ಹರಿಯಿತು. ರೋಸಿಯವರ ಗುಡಿಸಲಿಗೂ ಬೆಂಕಿ ಬಿದ್ದಿತು. ಅವರು ಲಾರಿಯೊಂದನ್ನು ಹತ್ತಿ ಊರು ಬಿಟ್ಟು ಓಡಿದರೆಂದೂ, ಬೇರೆ ಹೆಸರಿನಲ್ಲಿ ನಾಗರಕೋವಿಲಿನ ಕಡೆ ಸಂಸಾರಸ್ಥರಾಗಿ ಬಾಳಿದರೆಂದೂ ತಿಳಿದುಬಂದಿದೆ. ಮುಂದೆ ಅವರು ಯಾವ ಚಿತ್ರದಲ್ಲಿಯೂ ನಟಿಸಲಿಲ್ಲ. ಡೇನಿಯಲರು ಸಾಲದಲ್ಲಿ ಮುಳುಗಿ, ೧೯೭೫ರಲ್ಲಿ ಹೆಚ್ಚು ಜನ ಅರಿಯದವರಾಗಿಯೇ ತೀರಿಕೊಂಡರು. ಚಿತ್ರದ ಪ್ರತಿಯೊಂದೂ ಉಳಿದಿಲ್ಲ.

ಡೇನಿಯಲರನ್ನು ಕುರಿತು ಚೇಲಂಗಾಟ್ ಗೋಪಾಲಕೃಷ್ಣರು ಬರೆದ ಚರಿತ್ರೆಯನ್ನೂ, ರೋಸಿಯವರನ್ನು ಕುರಿತು ವಿನು ಅಬ್ರಹಾಂ ಬರೆದ ‘ನಷ್ಟನಾಯಿಕಾ’ ಎಂಬ ಕಾದಂಬರಿಯನ್ನೂ ಆಧರಿಸಿ, ದಿಗ್ದರ್ಶಕ ಕಮಲ್ ೨೦೧೩ರಲ್ಲಿ ‘ಸೆಲ್ಯುಲಾಯ್ಡ್’ ಎಂಬ ಚಿತ್ರವನ್ನು ತೆಗೆದರು. ಡೇನಿಯಲರಾಗಿ ಪೃಥ್ವಿರಾಜ್, ರೋಸಿಯವರಾಗಿ ಚಾಂದ್ನಿ ಅಭಿನಯಿಸಿದರು. ಡೇನಿಯಲರ ಮಗನು ಬಾಲ್ಯದಲ್ಲಿ ಅರಿಯದೆ ಆ ಸುರುಳಿಗಳಿಗೆ ಬೆಂಕಿಯಿಟ್ಟು ಆಡುವ ದೃಶ್ಯವು ಇದರಲ್ಲಿದೆ. ಆ ಕಾಲದ ಸುರುಳಿಗಳು ಕಿಡಿ ತಗುಲಿದರೆ ಭಗ್ಗನೆ ಉರಿಯತಕ್ಕ ನೈಟ್ರೇಟ್ ದ್ರವ್ಯದವು. ಒಂದು ಭಾಷೆಯ ಚಿತ್ರಕಲೆಯ ಮೊದಲ ಪುಟವು ಬೂದಿಯಾಗಲು ಕ್ಷಣಕಾಲ ಸಾಕು.

ಇಲ್ಲಿ ಜೀವನಚಿತ್ರದ ಧರ್ಮವೇ ಬದಲಾಗುತ್ತದೆ. ಚಾಪ್ಲಿನ್ನನ ಪಾತ್ರಧಾರಿಯನ್ನು ಚಾಪ್ಲಿನ್ನನೊಡನೆ ಹೋಲಿಸಬಹುದು. ಕೀರ್ತಿ ಸುರೇಶರನ್ನು ಸಾವಿತ್ರಿಯವರೊಡನೆ ಹೋಲಿಸಬಹುದು. ರೋಸಿಯವರೆಂದು ಪ್ರಚಾರದಲ್ಲಿರುವ ಭಾವಚಿತ್ರವು ಅವರದೇ ಎಂಬುದಕ್ಕೆ ಪ್ರಮಾಣವಿಲ್ಲ. ಹೋಲಿಸುವುದಕ್ಕೆ ಮುಖವಿಲ್ಲ, ನಡೆಯಿಲ್ಲ, ಮಾತಿಲ್ಲ. ಅವರು ಬದುಕಿದ್ದ ದೀರ್ಘಕಾಲದಲ್ಲಿ ಅವರನ್ನು ಹುಡುಕಿಕೊಂಡು ಹೋಗಿ, ‘ಅಮ್ಮಾ, ಆ ದಿನ ಏನಾಯಿತು?’ ಎಂದು ಕೇಳಿ ಬರೆದಿಟ್ಟವರಿಲ್ಲ. ಆದುದರಿಂದ ಇಂದು ಜನರ ಮನಸ್ಸಿನಲ್ಲಿ ರೋಸಿಯೆಂದರೆ ಚಾಂದ್ನಿಯವರ ಮುಖ. ಇದು ಅಪಚಾರವೂ ಹೌದು, ಉಪಕಾರವೂ ಹೌದು. ಅನ್ಯರ ಮುಖವಾದರೂ ಬಂದುದರಿಂದಲೇ ರೋಸಿಯವರ ಹೆಸರನ್ನು ಮಲಯಾಳದ ಮನೆಮನೆಯೂ ತಿಳಿಯಿತು. ೨೦೧೯ರಲ್ಲಿ ಅಲ್ಲಿಯ ಚಿತ್ರರಂಗದ ಮಹಿಳೆಯರ ಕೂಟವು ತಾನು ಸ್ಥಾಪಿಸಿದ ಚಿತ್ರಸಂಘಕ್ಕೆ ಅವರ ಹೆಸರನ್ನೇ ಇಟ್ಟಿತು. ಯಾವ ಊರು ಅಟ್ಟಿತೋ ಆ ನಾಡೇ ಹೆಸರು ಹಿಡಿದು ಕರೆದಂತಾಯಿತು. ಕೇಳಿಸಿಕೊಳ್ಳಲು ಮಾತ್ರ ಅವರಿರಲಿಲ್ಲ.

ಈ ಕಥೆಯು ಕನ್ನಡಿಗರಿಗೆ ದೂರದ್ದಲ್ಲ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಸುಲೋಚನೆಯಾಗಿ ನಟಿಸಿದ ತ್ರಿಪುರಾಂಬಾ ಅವರೂ, ಇಂದ್ರಜಿತುವಾಗಿ ನಟಿಸಿದ ಸುಬ್ಬಯ್ಯನಾಯಡುಗಳೂ ಆ ಚಿತ್ರದಲ್ಲಿ ಹೇಗೆ ನಿಂತರು, ಹೇಗೆ ನುಡಿದರು ಎಂಬುದನ್ನು ಇನ್ನು ಯಾರೂ ನೋಡಲಾರರು. ಮೂಕಚಿತ್ರಕಾಲದಲ್ಲಿ ಕೈಲಾಸಂ ಅವರು ನಟಿಸಿದ್ದ ‘ವಸಂತಸೇನಾ’ದ ಗತಿಯೂ ಅದೇ. ಮುಂದೆ ಯಾರಾದರೂ ಇಂತಹ ಕಲಾವಿದರ ಬಾಳನ್ನು ತೆರೆಗೆ ತರಹೊರಟರೆ, ಅವರ ಕೈಗೆ ಸಿಕ್ಕುವ ಆಧಾರವು ಹಳೆಯ ಕರಪತ್ರ, ಹಾಡಿನ ಪುಸ್ತಕ, ಮಾಸಿದ ಭಾವಚಿತ್ರ, ಅಜ್ಜಅಜ್ಜಿಯರಿಂದ ಕೇಳಿದ ಮಾತು ಇವಿಷ್ಟೇ. ಇವು ದೊಡ್ಡ ಸಂಸ್ಥೆಗಳ ಬೀರುಗಳಿಗಿಂತ ಹೆಚ್ಚಾಗಿ ಸಾಮಾನ್ಯರ ಮನೆಯ ಅಟ್ಟದ ಮೇಲೆ, ಟ್ರಂಕುಗಳ ತಳದಲ್ಲಿ ಇರುತ್ತವೆ. ಕೀಟನ್ನನ ಡಬ್ಬಿಗಳು ಸಿಕ್ಕಿದುದೂ ಒಂದು ಮನೆಯಲ್ಲಿಯೇ.